ರಂಗಭಾವನ ಕಾಡಿನಲ್ಲಿ ನಾಲ್ಕು ದಿನ

ಅಮ್ಮನ ತವರು ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕಡೆ. ಆ ಮನೆಯ ಜಗಲಿ ಮೇಲೆ ಕೂತರೆ ಹೊಲಗಳ ಆಚೆ ನೀಲಿ ಬೆಟ್ಟದ ಸಾಲು ಕಾಣುತ್ತದೆ. ಅದೇ ಬಿಳಿಗಿರಿರಂಗನ ಬೆಟ್ಟ. ಚಿಕ್ಕಂದಿನಲ್ಲಿ ರಜೆಗೆ ಹೋದಾಗ ನೋಡಿದ್ದು ನೆನಪಿದೆ. ಅಜ್ಜಿ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ಆ ಕಡೆ ತಿರುಗಿ ಕೈಮುಗಿದು, ಆಮೇಲೇ ಒಳಗೆ ಬರುತ್ತಿದ್ದಳು. ಬಿಳಿಗಿರಿರಂಗ ಅವರ ಮನೆದೇವರು. ಅಮ್ಮ ಹುಡುಗಿಯಾಗಿದ್ದಾಗ ತೇರಿಗೆ ಎತ್ತಿನ ಗಾಡಿ ಕಟ್ಟಿಕೊಂಡು ಬುಡದವರೆಗೆ ಹೋಗಿ, ಅಲ್ಲಿಂದ ಕಾಲುದಾರಿಯಲ್ಲಿ ಹತ್ತಿದ್ದಳಂತೆ. ಮದುವೆಯಾದಮೇಲೆ ಹೋಗಿದ್ದು ಎರಡೇ ಸಲ. ಅದೂ ಬೆಳಿಗ್ಗೆ ಹೋಗಿ ಸಂಜೆ ಬಂದದ್ದು. “ಒಂದು ರಾತ್ರಿ ಅಲ್ಲೇ ಉಳ್ಕೋಬೇಕು ಕಣೇ” ಅಂತ ಎಷ್ಟೋ ವರ್ಷದಿಂದ ಹೇಳುತ್ತಿದ್ದಳು.

ಈ ಮೇ ಕೊನೆಯ ವಾರ ಅದು ಕೂಡಿ ಬಂತು. ನಾನು, ಅಮ್ಮ, ಜೊತೆಗೆ ಅಣ್ಣನ ಮಗಳು. ಅವಳಿಗೆ ಹತ್ತು ವರ್ಷ. ಎರಡು ರಾತ್ರಿ ಬೆಟ್ಟದ ಮೇಲೆ, ಒಂದು ರಾತ್ರಿ ಕ್ಯಾತೆದೇವರ ಗುಡಿ ಅನ್ನೋ ಕಾಡಿನ ಶಿಬಿರದಲ್ಲಿ ಅಂತ ಎರಡು ವಾರ ಮುಂಚೆಯೇ ಜಾಗ ಕಾದಿರಿಸಿದ್ದೆ. ರಜೆಯ ದಿನಗಳಲ್ಲಿ ಸುಮ್ನೆ ಹೋಗಿ ನಿಂತರೆ ರೂಮು ಸಿಗೋದು ಕಷ್ಟ.

ಮೊದಲ ದಿನ: ಬಳೆ ಮಂಟಪದಿಂದ ಬೆಟ್ಟದ ತಿರುವಿಗೆ

ಮೈಸೂರಿನಿಂದ ನರಸೀಪುರ, ಮೂಗೂರು, ಸಂತೇಮರಹಳ್ಳಿ ದಾಟಿ ಯಳಂದೂರಿಗೆ ಬರುವಷ್ಟರಲ್ಲಿ ಹತ್ತೂವರೆ. ದಾರಿಯುದ್ದಕ್ಕೂ ಕಬ್ಬು, ಹಿಪ್ಪುನೇರಳೆ, ಆಗಷ್ಟೇ ಉತ್ತ ಕೆಂಪು ಹೊಲಗಳು. ಅಮ್ಮ ಕಿಟಕಿ ಗಾಜು ಇಳಿಸಿಕೊಂಡು ಪ್ರತಿ ಊರಿಗೂ ಒಂದೊಂದು ನೆಂಟಸ್ತಿಕೆ ಹೇಳುತ್ತಾ ಬಂದಳು.

ಯಳಂದೂರಿನಲ್ಲಿ ನಿಲ್ಲದೆ ಬೆಟ್ಟಕ್ಕೆ ಹೋಗುವವರೇ ಜಾಸ್ತಿ. ಹಾಗೆ ಮಾಡಬೇಡಿ. ಗೌರೀಶ್ವರ ದೇವಸ್ಥಾನದ ಮುಂದಿನ ಬಳೆ ಮಂಟಪವನ್ನು ಅರ್ಧ ಗಂಟೆಯಾದರೂ ನೋಡಬೇಕು. ಮೂಲೆಗಳಲ್ಲಿ ಕಲ್ಲಿನ ಬಳೆಗಳ ಸರಪಳಿ ಇಳಿಬಿದ್ದಿದೆ. ಒಂದರೊಳಗೆ ಒಂದು ಸೇರಿಕೊಂಡ ಬಳೆಗಳು, ಎಲ್ಲೂ ಬೆಸುಗೆ ಇಲ್ಲ. ಕಲ್ಲನ್ನು ಹಾಗೇ ಕಡೆದು ಬಿಡಿಸಿದ್ದಾರೆ. ಪುಟ್ಟಿ ಕೆಳಗೆ ನಿಂತು ಕತ್ತೆತ್ತಿ ನೋಡಿ, “ಅತ್ತೆ, ಒಂದು ಬಳೆ ಒಡೆದುಹೋಗಿದ್ರೆ ಮೊದಲಿಂದ ಮಾಡ್ಬೇಕಿತ್ತಾ?” ಅಂದಳು. ಅಲ್ವಾ! ಕೊನೆಯ ಬಳೆ ಬಿಡಿಸುವಾಗ ಆ ಶಿಲ್ಪಿ ಉಸಿರು ಹಿಡಿದೇ ಉಳಿ ಆಡಿಸಿರಬೇಕು.

ಈ ಊರನ್ನು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟಿದ್ದರು. ಈಗ ಇದು ಬೆಟ್ಟಕ್ಕೆ ಹೋಗುವವರು ಪೆಟ್ರೋಲು ಹಾಕಿಸಿಕೊಳ್ಳುವ ಊರು. ನಾವೂ ಟ್ಯಾಂಕು ತುಂಬಿಸಿ, ಕೈಯಲ್ಲಿ ಸ್ವಲ್ಪ ನಗದು ಇಟ್ಟುಕೊಂಡೆವು. ಮೇಲೆ ನೆಟ್‌ವರ್ಕು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಫೋನಿನಲ್ಲೇ ದುಡ್ಡು ಕೊಡುತ್ತೇನೆ ಅಂದುಕೊಂಡು ಹೋದರೆ ತೊಂದರೆ.

ಗುಂಬಳ್ಳಿ ಹತ್ತಿರ ಅರಣ್ಯ ಇಲಾಖೆಯ ಗೇಟು. ಗಾಡಿ ನಂಬರು ಬರೆದುಕೊಂಡು, ಪ್ಲಾಸ್ಟಿಕ್ ಇದೆಯಾ ಅಂತ ಕೇಳಿ, “ದಾರೀಲಿ ಎಲ್ಲೂ ಇಳೀಬ್ಯಾಡಿ” ಅಂತ ಹೇಳಿ ಬಿಟ್ಟರು. ಸಂಜೆ ಆರಕ್ಕೆ ಗೇಟು ಹಾಕುತ್ತಾರೆ, ಬೆಳಿಗ್ಗೆ ಆರಕ್ಕೇ ತೆಗೆಯೋದು.

ಅಲ್ಲಿಂದ ಹತ್ತುವ ದಾರಿ ಇದೆಯಲ್ಲ, ಅದೇ ಒಂದು ಪಾಠ. ಬುಡದಲ್ಲಿ ಮುಳ್ಳು ಪೊದೆ, ಜಾಲಿ, ಒಣ ಕಲ್ಲು. ನಾಲ್ಕು ತಿರುವು ಆದಮೇಲೆ ದಿಂಡಿಗ, ಮತ್ತಿ, ನೆಲ್ಲಿ. ಇನ್ನೂ ಮೇಲೆ ಹೋದರೆ ಗಾಳಿ ತಣ್ಣಗಾಗಿ ಮರಗಳ ಮೈಮೇಲೆ ಪಾಚಿ ಶುರುವಾಗುತ್ತದೆ. ಸುಮಾರು 600 ಮೀಟರ್ ಎತ್ತರದಿಂದ 1800 ಮೀಟರ್‌ವರೆಗೆ ಹಬ್ಬಿದ ಕಾಡು ಇದು. ಪಶ್ಚಿಮ ಘಟ್ಟವನ್ನೂ ಪೂರ್ವ ಘಟ್ಟವನ್ನೂ ಸೇರಿಸುವ ಸೇತುವೆಯ ಹಾಗೆ ನಡುವೆ ನಿಂತಿದೆ. ಎರಡೂ ಕಡೆಯ ಮಳೆ, ಎರಡೂ ಕಡೆಯ ಮರ ಇಲ್ಲಿ ಸಿಗುತ್ತವೆ.

ಅರ್ಧ ದಾರಿಗೆ ಬರುವಷ್ಟರಲ್ಲಿ ಆಕಾಶ ಕಪ್ಪಾಯಿತು. ಗುಡುಗು, ಆಮೇಲೆ ದಪ್ಪ ಹನಿಗಳು, ಆಮೇಲೆ ಗಾಳಿ. ಹತ್ತೇ ನಿಮಿಷ. ಮಳೆ ನಿಂತು ಮುಂದೆ ಹೋದರೆ ರಸ್ತೆಗೆ ಅಡ್ಡಲಾಗಿ ಒಂದು ಮರ ಬಿದ್ದಿದೆ. ಹಿಂದೆ ತಿರುಗಿಸಲು ಜಾಗವಿಲ್ಲ. ಅಮ್ಮ “ಶ್ರೀರಂಗಾ” ಅಂದಳು. ಪುಟ್ಟಿ ಆನೆ ಬಂದರೆ ಏನು ಮಾಡೋದು ಅಂತ ಮೂರು ಸಲ ಕೇಳಿದಳು. ನನಗೂ ಅದೇ ಭಯ. ಇಳಿಯಬೇಡಿ ಅಂದಿದ್ದಾರೆ, ಇಳಿಯದೆ ಮರ ಸರಿಯೋದಿಲ್ಲ.

ಕಾಲು ಗಂಟೆಯಲ್ಲಿ ಹಿಂದಿನಿಂದ ಸರ್ಕಾರಿ ಬಸ್ಸು ಬಂತು. ಅದರಿಂದ ಏಳೆಂಟು ಜನ ಸೋಲಿಗರು, ಈ ಕಾಡಿನ ಮೂಲನಿವಾಸಿಗಳು, ಇಳಿದರು. ಯಾರೂ ಗಲಾಟೆ ಮಾಡಲಿಲ್ಲ, ಯಾರೂ ಅಪ್ಪಣೆ ಕೊಡಲಿಲ್ಲ. ಒಬ್ಬರ ಚೀಲದಲ್ಲಿ ಮಚ್ಚು ಇತ್ತು. ಒಬ್ಬರು ರೆಂಬೆ ಕಡಿಯುತ್ತಾ ಹೋದರು, ಉಳಿದವರು ಎಳೆದು ಬದಿಗೆ ಹಾಕುತ್ತಾ ಹೋದರು. ಒಬ್ಬ ಹಿರಿಯರು ಮಾತ್ರ ಕೆಲಸ ಮಾಡದೆ ಕಾಡಿನ ಕಡೆ ಮುಖ ಮಾಡಿ ನಿಂತಿದ್ದರು. ಆಮೇಲೆ ಗೊತ್ತಾಯಿತು, ಅವರ ಕೆಲಸವೇ ಕೇಳಿಸಿಕೊಳ್ಳೋದು. ಕೊಂಬೆ ಮುರಿಯುವ ಸದ್ದು ಎಲ್ಲಿಂದ ಬರುತ್ತದೆ ಅಂತ ಕಿವಿ ಇಟ್ಟುಕೊಂಡಿದ್ದರು.

ಅಮ್ಮ ಅವರನ್ನು, “ದೇವಸ್ಥಾನ ಬಾಗ್ಲು ಎಷ್ಟೊತ್ತಿಗೆ ತೆಗೀತಾರಪ್ಪ?” ಅಂತ ಕೇಳಿದಳು. ಅವರು ಕಾಡಿನ ಮೇಲಿಂದ ಕಣ್ಣು ತೆಗೆಯದೇ ಹೇಳಿದರು: “ನಮ್ ಭಾವ ಎಲ್ಲಿಗೂ ಹೋಗಲ್ಲ ಕನವ್ವ. ನಿಧಾನಕ್ ಬನ್ನಿ.”

ಭಾವ. ಸೋಲಿಗರು ರಂಗನಾಥನನ್ನು ಹಾಗೆ ಕರೆಯುತ್ತಾರೆ ಅಂತ ಕೇಳಿದ್ದೆ, ಆದರೆ ಒಬ್ಬರ ಬಾಯಿಂದ ಕೇಳಿದ್ದು ಅದೇ ಮೊದಲು.

ಎರಡನೇ ದಿನ: ಚಪ್ಪಲಿ, ಬಿಳಿ ಬಂಡೆ ಮತ್ತು ಒಂದು ಪೋಡು

ಬೆಳಿಗ್ಗೆ ಐದೂವರೆಗೆ ಎಚ್ಚರವಾಯಿತು. ಯಾರೋ ದಾರಿ ಹೋಕರು ಅರ್ಧ ಮರೆತ ಹಾಡನ್ನು ಸಿಳ್ಳೆ ಹೊಡೆದುಕೊಂಡು ಹೋಗುತ್ತಿದ್ದಾರೆ ಅಂದುಕೊಂಡೆ. ಅದು ಹಕ್ಕಿ. ಬೆಳಕು ಹರಿದ ಮೇಲೆ ಚರಂಡಿ ಪಕ್ಕದ ಕಲ್ಲಿನ ಮೇಲೆ ಕಂಡಿತು. ಕಪ್ಪು ಮೈ, ಭುಜದ ಮೇಲೆ ಮಿಂಚುವ ನೀಲಿ. ಕಿಟಕಿಯ ಹೊರಗೆ ಮಂಜು ಬಿಟ್ಟರೆ ಏನೂ ಇಲ್ಲ. ಮೇ ತಿಂಗಳಲ್ಲಿ ಅಮ್ಮ ಶಾಲು ಹೊದ್ದು ಕೂತಿದ್ದಳು. ಬೇಸಿಗೆ ಅಂತ ಸ್ವೆಟರು ಬಿಟ್ಟು ಬಂದಿದ್ದೆವು. ನನ್ನ ಎರಡು ಅಂಗಿ ಒಂದರ ಮೇಲೊಂದು ಹಾಕಿಕೊಂಡು ಪುಟ್ಟಿ ಹೊರಟಳು.

ದೇವಸ್ಥಾನ ಬಂಡೆಯ ತುದಿಯಲ್ಲಿದೆ. ಆ ಬಿಳಿ ಬಂಡೆಯಿಂದಲೇ ಬಿಳಿಗಿರಿ ಅನ್ನೋ ಹೆಸರು. ಬೇರೆ ಕಡೆ ರಂಗನಾಥ ಮಲಗಿರುತ್ತಾನೆ, ಇಲ್ಲಿ ನಿಂತಿದ್ದಾನೆ. ಅಮ್ಮ ಹೊಸ ರೇಷ್ಮೆ ಸೀರೆ ಉಟ್ಟುಕೊಂಡು ಬಂದಿದ್ದಳು. ತುಂಬಾ ಹೊತ್ತು ನಿಂತಳು. ಏನು ಕೇಳಿಕೊಂಡೆ ಅಂತ ನಾನು ಕೇಳಲಿಲ್ಲ.

ಹೊರಗೆ ಬಂದಮೇಲೆ ಚಪ್ಪಲಿ ಸೇವೆ. ಇದನ್ನು ನೋಡಿಲ್ಲದವರಿಗೆ ಹೇಳಬೇಕು. ರಂಗಪ್ಪನಿಗೆ ಒಂದೂಮುಕ್ಕಾಲು ಅಡಿ ಉದ್ದದ ತೊಗಲಿನ ಚಪ್ಪಲಿ ಇದೆ. ಬೂದಿತಿಟ್ಟು ಊರಿನ ಚಮ್ಮಾರರು ಎರಡು ವರ್ಷಕ್ಕೊಮ್ಮೆ ಹೊಸ ಜೋಡು ಮಾಡಿ ತಂದು ಒಪ್ಪಿಸುತ್ತಾರೆ. ದೇವರು ರಾತ್ರಿ ಹೊತ್ತು ಅದನ್ನು ಮೆಟ್ಟಿಕೊಂಡು ಕಾಡೆಲ್ಲ ಸುತ್ತುತ್ತಾನೆ, ಅದಕ್ಕೇ ಅಟ್ಟೆ ಸವೆಯುತ್ತದೆ ಅಂತ ನಂಬಿಕೆ. ಆ ಚಪ್ಪಲಿಯನ್ನು ತಲೆಗೆ ಮುಟ್ಟಿಸುತ್ತಾರೆ. ನನ್ನ ತಲೆಗೆ ತಾಗಿದಾಗ ಭಾರ ಗೊತ್ತಾಯಿತು. ತೊಗಲು, ಎಣ್ಣೆ, ಕುಂಕುಮ ಎಲ್ಲ ಸೇರಿದ ಒಂದು ವಾಸನೆ. ಊರೂರಲ್ಲಿ ಚಪ್ಪಲಿ ಹೊಲೆಯುವವರನ್ನು ಗುಡಿಯ ಹೊರಗೆ ನಿಲ್ಲಿಸಿದ ನಾಡು ನಮ್ಮದು. ಇಲ್ಲಿ ಅವರ ಕೈಯ ಚಪ್ಪಲಿಗೆ ಎಲ್ಲರೂ ತಲೆ ಬಗ್ಗಿಸುತ್ತಾರೆ. ನನಗೆ ಗಂಟಲು ಕಟ್ಟಿ ಬಂತು.

ಬಂಡೆಯ ಅಂಚಿಗೆ ಬಂದು ನಿಂತೆವು. ಮೊದಲು ಬರೀ ಬಿಳಿ. ಎಂಟೂವರೆ ಹೊತ್ತಿಗೆ ಮಂಜು ಕೆಳಗಿನಿಂದ ಹರಿಯತೊಡಗಿತು. ಒಂದು ಕೆರೆ ಹೊಳೆಯಿತು. ಆಮೇಲೆ ಗದ್ದೆ, ತೆಂಗಿನ ಸಾಲು, ದಾರದಂತೆ ರಸ್ತೆ. ಅಮ್ಮ ಬೆರಳು ಚಾಚಿ, “ಅಗೋ, ಆ ಕಡೆ ಎಲ್ಲೋ ನಮ್ಮನೆ” ಅಂದಳು. ಅರವತ್ತು ವರ್ಷ ಕೆಳಗಿನಿಂದ ಈ ಬೆಟ್ಟ ನೋಡಿದವಳು ಈಗ ಬೆಟ್ಟದಿಂದ ಮನೆ ಹುಡುಕುತ್ತಿದ್ದಳು.

ಮಧ್ಯಾಹ್ನ ಊಟಕ್ಕೆ ಬೆಟ್ಟದ ಮೇಲಿನ ಸಣ್ಣ ಹೋಟೆಲು. ಬಿಸಿ ಅನ್ನ, ಉಪ್ಸಾರು, ಹುರುಳಿಕಾಳು. ಉಪ್ಸಾರಿನ ಖಾರ ಕಣ್ಣಲ್ಲಿ ನೀರು ತರಿಸಿತು. ಪುಟ್ಟಿಗೆ ಮಜ್ಜಿಗೆ ಅನ್ನವೇ ಗತಿ. ಇಲ್ಲಿ ಮಧ್ಯಾಹ್ನ ಎರಡು ದಾಟಿದರೆ ಪಾತ್ರೆ ಖಾಲಿಯಾಗಿರುತ್ತದೆ, ಹೊತ್ತಿಗೆ ಸರಿಯಾಗಿ ಹೋಗಬೇಕು.

ನಮಗೆ ಜೊತೆಯಾಗಿ ಬಂದ ಗೈಡು ಸೋಲಿಗರವರೇ. ನಲವತ್ತು ದಾಟಿರಬಹುದು. ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆಯಲ್ಲಿ ಓದಿದವರು. ಡಾ. ಎಚ್. ಸುದರ್ಶನ್ 1981ರಲ್ಲಿ ಶುರು ಮಾಡಿದ ಸಂಸ್ಥೆ ಅದು. “ಅದಕ್ಕೂ ಮುಂಚೆ ಕರಡಿ ಕಿತ್ರೆ, ಹಾವು ಕಚ್ಚಿದ್ರೆ, ಕೆಳಕ್ಕೆ ಹೊತ್ಕೊಂಡೇ ಹೋಗ್ಬೇಕಿತ್ತು ಅಕ್ಕ. ನಮ್ ತಾತನ್ನ ಹಂಗೇ ಹೊತ್ಕೊಂಡ್ ಹೋಗಿದ್ರು” ಅಂದರು. ತಾತ ಬದುಕಿದರಾ ಅಂತ ಕೇಳಿದೆ. ಇಲ್ಲ ಅಂತ ತಲೆ ಆಡಿಸಿದರು.

ಅವರ ಪೋಡಿಗೆ ನಡೆದೇ ಹೋದೆವು. ಪೋಡು ಅಂದರೆ ಸೋಲಿಗರ ಹಾಡಿ. ದಾರಿಯ ಎರಡೂ ಕಡೆ ಆಳೆತ್ತರ ಲಂಟಾನ. ಗುಲಾಬಿ, ಹಳದಿ ಹೂವು ನೋಡಲು ಚೆನ್ನಾಗಿದೆ ಅಂತ ಪುಟ್ಟಿ ಕಿತ್ತುಕೊಂಡಳು. ಗೈಡಣ್ಣ ನಿಂತು ಒಂದು ಗಿಡವನ್ನು ಕಾಲಲ್ಲಿ ಅದುಮಿ ಒಳಗೆ ತೋರಿಸಿದರು. ಕೆಳಗೆ ಹುಲ್ಲೇ ಇಲ್ಲ. ಬರಿಯ ಮಣ್ಣು. “ಹುಲ್ಲಿಲ್ದಿದ್ರೆ ಕಡವೆ ಏನ್ ತಿಂತದೆ? ಕಡವೆ ಇಲ್ದಿದ್ರೆ ಹುಲಿ ಏನ್ ತಿಂತದೆ?”

ಹಿಂದೆ ಸೋಲಿಗರು ಪ್ರತಿ ವರ್ಷ ಬೇಸಿಗೆ ಏರುವ ಮೊದಲೇ ತರಗು ಬೆಂಕಿ ಹಾಕುತ್ತಿದ್ದರಂತೆ. ಹುಲ್ಲು ಪೂರ್ತಿ ಒಣಗಿರುವುದಿಲ್ಲ, ನೆಲದ ಮೇಲಿನ ತರಗೆಲೆ ಮಾತ್ರ ಸುಟ್ಟು ತಾನೇ ಆರಿಹೋಗುವ ಸಣ್ಣ ಬೆಂಕಿ. ಲಂಟಾನದ ಸಸಿ ಅದರಲ್ಲೇ ಸುಟ್ಟುಹೋಗುತ್ತಿತ್ತು. ನೆಲ್ಲಿ ಮರಕ್ಕೆ ಹತ್ತುವ ಬಂದಳಿಕೆಯೂ ಕಡಿಮೆ ಇತ್ತು. 1974ರಲ್ಲಿ ಇದು ಅಭಯಾರಣ್ಯ ಆಯಿತು. ಆ ಬೆಂಕಿ ನಿಂತಿತು. ಈಗ ಲಂಟಾನ ಮೇಲೆದ್ದಿದೆ, ಬೆಂಕಿ ಬಿದ್ದರೆ ಮರದ ತಲೆಯವರೆಗೂ ಏರುತ್ತದೆ. ಲಂಟಾನ ಹಬ್ಬಲು ಬೇರೆ ಕಾರಣಗಳೂ ಇರಬಹುದು. ಆದರೆ ಇದೇ ಕಾಡಲ್ಲಿ ಹುಟ್ಟಿ ಬೆಳೆದವರ ಮಾತನ್ನು ಮೊದಲು ಕೇಳಬೇಕಿತ್ತು ಅಂತ ನನಗೆ ಬಲವಾಗಿ ಅನ್ನಿಸಿತು.

2011 ಈ ಕಾಡಿಗೆ ದೊಡ್ಡ ವರ್ಷ. ಆ ವರ್ಷದ ಶುರುವಿನಲ್ಲೇ ಇದು ಹುಲಿ ಸಂರಕ್ಷಿತ ಪ್ರದೇಶ ಅಂತ ಆಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯ ಕೆಳಗೆ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರವೂ ಸಿಕ್ಕಿತು. ಜೇನು, ನೆಲ್ಲಿಕಾಯಿ, ಕಲ್ಲುಪಾಚಿ ತರುವ ಹಕ್ಕು. ಗೈಡಣ್ಣ ಹಕ್ಕುಪತ್ರದ ದಿನದ ಬಗ್ಗೆ ಹೇಳುವಾಗ ನಡೆಯುವುದನ್ನು ನಿಲ್ಲಿಸಿ, ನಮ್ಮ ಕಡೆ ತಿರುಗಿ ನಿಂತು ಹೇಳಿದರು.

ಪೋಡಿನಲ್ಲಿ ಇಪ್ಪತ್ತು ಮೂವತ್ತು ಮನೆ. ಹಿತ್ತಲಲ್ಲಿ ಕಾಫಿ ಗಿಡ, ಹಲಸು, ಬಾಳೆ. ಅವರ ಅತ್ತೆಯ ಮನೆ ಜಗಲಿಯ ಮೇಲೆ ಕೂರಿಸಿದರು. ಆ ಅಜ್ಜಿ ಅಮ್ಮನ ಕೈ ಹಿಡಿದು, “ಬಾ ಕೂಸೇ” ಅಂದಳು. ಅರವತ್ತೆಂಟರ ಅಮ್ಮನನ್ನು ಕೂಸೇ ಅನ್ನುವವರು ಈಗ ಯಾರೂ ಇಲ್ಲ. ಅಮ್ಮನ ಮುಖ ನೋಡಬೇಕಿತ್ತು.

ಕೆಂಡದಲ್ಲಿ ಸುಟ್ಟ ಕಾಡುಗೆಣಸು ಬಂತು. ಸಿಪ್ಪೆ ಕಪ್ಪಾಗಿ, ಒಳಗೆ ಹಿಟ್ಟಿನಂತೆ ಬಿಳಿ. ಅದರ ಮೇಲೆ ಹೆಜ್ಜೇನು ಹೊಯ್ದರು. ಅಂಗಡಿಯ ಜೇನುತುಪ್ಪದಂತೆ ಮಂದ ಇಲ್ಲ, ನೀರಾಗಿ ಹರಿಯುತ್ತದೆ. ಮೊದಲು ಸಿಹಿ, ನುಂಗಿದ ಮೇಲೆ ಗಂಟಲಲ್ಲಿ ಸಣ್ಣ ಕಹಿ. “ಈ ಸಲ ನೇರಳೆ ಹೂ ಜಾಸ್ತಿ ಬಂದಿತ್ತು, ಅದ್ಕೇ ಕಹಿ” ಅಂತ ಗೈಡಣ್ಣ ನೆಕ್ಕಿ ನೋಡಿಯೇ ಹೇಳಿಬಿಟ್ಟರು. ನಾನು ಇನ್ನೊಂದು ಸಲ ಹಾಕಿಸಿಕೊಂಡೆ.

ಹೆಜ್ಜೇನು ವರ್ಷ ವರ್ಷ ಅದೇ ಮರಕ್ಕೆ ಬರುತ್ತದೆ. ಎತ್ತರದ ಮರ, ಇಲ್ಲವೇ ಬಂಡೆಯ ಸೂರು. ರಾತ್ರಿ ಹೊತ್ತು, ಚಂದ್ರ ಇಲ್ಲದಾಗ ಹತ್ತುತ್ತಾರೆ. ಹೊಗೆ ಹಾಕಿ ಹುಳ ಎಬ್ಬಿಸಿ, ತುಪ್ಪ ಇರುವ ಭಾಗ ಕೊಯ್ದು, ಮರಿ ಇರುವ ಭಾಗವನ್ನು ಬಿಡುತ್ತಾರೆ. ಎಲ್ಲವನ್ನೂ ತೆಗೆಯೋದಿಲ್ಲ. ಕೆಳಗೆ ನೆಲದ ಮೇಲೂ ಒಂದು ಚೂರು ಇಡುತ್ತಾರೆ. ಯಾರಿಗೆ ಅಂತ ಪುಟ್ಟಿ ಕೇಳಿದಳು. “ಹುಲಿಗೆ ಕನವ್ವ. ಅದ್ಕೆ ಮರ ಹತ್ತಕ್ಕೆ ಬರಲ್ಲ ಅಲ್ವ?” ಹುಲಿ ಅವರಿಗೆ ದೇವರು. ಹುಲಿವೀರಪ್ಪ ಅಂತ ಪೂಜೆ ಮಾಡುತ್ತಾರೆ. ಪುಟ್ಟಿ ಗೆಣಸಿನ ಕೊನೆಯ ಚೂರನ್ನು ತಿನ್ನದೆ ಜಗಲಿಯ ಕೆಳಗೆ ಇಟ್ಟಳು. ಅಜ್ಜಿ ಅದನ್ನು ನೋಡಿ ತಲೆ ಸವರಿದಳು.

ಕತ್ತಲಾಗುತ್ತಾ ಬಂತು. ಅಜ್ಜಿ ಕತೆ ಶುರು ಮಾಡಿದಳು. ಈ ಕತೆಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಇದು ಆ ಅಜ್ಜಿ ಹೇಳಿದ್ದು.

ರಂಗಪ್ಪ ಕಾಡು ನೋಡಲು ಬಂದ. ಸೋಲಿಗರ ಹೆಣ್ಣು ಕುಸುಮಾಲೆ ರಾಗಿ ಹೊಲ ಕಾಯುತ್ತಿದ್ದಳು. ನೋಡಿದವನೇ ಮನಸೋತ. ದೊಡ್ಡ ದೇವರು, ಬೇಕಿದ್ದರೆ ಹೇಳಿ ಕೇಳಿ ಮದುವೆಯಾಗಬಹುದಿತ್ತು. ಅವನು ಕೇಳಲಿಲ್ಲ, ಕರೆದುಕೊಂಡು ಹೋಗಿಬಿಟ್ಟ. ಹಾಡಿಯವರು ಕಾಡೆಲ್ಲ ಹುಡುಕಿದರು. ಬೆಟ್ಟದ ತುದಿಯಲ್ಲಿ ಸಿಕ್ಕಿದಾಗ ಸಿಟ್ಟಲ್ಲಿ ಬೈದರು. ದೇವರು ಅಂತ ನೋಡಲಿಲ್ಲ. “ಬೈಸ್ಕಂಡ. ತಲೆ ತಗ್ಗಿಸಿ ನಿಂತ್ಕಂಡ. ಹೆಣ್ಣು ಕೊಟ್ಟೋರ ಮುಂದೆ ಯಾವ ಗಂಡಾದ್ರೂ ಅಷ್ಟೇ ಅಲ್ವ?” ಅಂದಳು ಅಜ್ಜಿ. ಅವತ್ತಿನಿಂದ ಅವನು ಭಾವ. ತೇರಿನ ಹೊತ್ತಿಗೆ ಸೋಲಿಗರು ಮೇಲೆ ಹೋಗುವುದು ಭಕ್ತರಾಗಿ ಅಲ್ಲ, ನೆಂಟರಾಗಿ.

ಅಮ್ಮ ಮೆಲ್ಲಗೆ ಕೇಳಿದಳು, “ಹಾಗಾದ್ರೆ ಅವನ ಹತ್ರ ಏನು ಕೇಳ್ಕೋತೀರಿ?”

“ಕೇಳದೇನು? ಭಾವನ್ ತಾವ ಯಾರಾರ ಬೇಡ್ತಾರಾ? ಜಗಳ ಆಡ್ತೀವಿ. ಮಳೆ ಯಾಕ್ ಬರ್ಲಿಲ್ಲ ಅಂತ.”

ವಾಪಸ್ ಬರುವಾಗ ಟಾರ್ಚು ಆರಿಸಿ ಅಂದರು ಗೈಡಣ್ಣ. ಲಂಟಾನದ ಆಚೆ ಮರಗಳ ತುಂಬ ಮಿಂಚುಹುಳ. ಮುಂಗಾರಿಗೆ ಮುಂಚಿನ ಈ ಎರಡು ಮೂರು ವಾರ ಮಾತ್ರ ಹೀಗಂತೆ. ಒಂದು ಮರ ಹೊತ್ತಿ, ಆರಿ, ಪಕ್ಕದ್ದು ಹೊತ್ತಿ, ಹಾಗೇ ಇಳಿಜಾರಿನುದ್ದಕ್ಕೂ ಬೆಳಕು ನಡೆದುಕೊಂಡು ಹೋಗುತ್ತಿತ್ತು. ಪುಟ್ಟಿ ನನ್ನ ಕೈ ಬಿಗಿಯಾಗಿ ಹಿಡಿದು, “ಅತ್ತೆ, ಚಪ್ಪಲಿ ಹಾಕ್ಕೊಂಡು ಹೋಗ್ತಿದ್ದಾನೆ” ಅಂತ ಪಿಸುಗುಟ್ಟಿದಳು.

ಮೂರನೇ ದಿನ: ದೊಡ್ಡ ಸಂಪಿಗೆ

ಕ್ಯಾತೆದೇವರ ಗುಡಿಗೆ ಕಾಡಿನ ನಡುವೆಯೇ ದಾರಿ. ಜನ ಕೆ. ಗುಡಿ ಅಂತಾರೆ. ಹಿಂದೆ ಮೈಸೂರು ಮಹಾರಾಜರ ಬೇಟೆಯ ಬಂಗಲೆ ಇದ್ದ ಜಾಗ. ಹೆಸರು ಮಾತ್ರ ಸೋಲಿಗರ ಕ್ಯಾತೆ ದೇವರದ್ದು. ಅರ್ಧ ದಾರಿಯಲ್ಲಿ ಕಾಟಿಗಳ ಹಿಂಡು ರಸ್ತೆ ಮೇಲೆ. ಎಂಟು ಇದ್ದವು. ಮುಂದಿನದು ಹೋರಿ, ಮೈ ಎಣ್ಣೆ ಹಚ್ಚಿದಂತೆ ಕಪ್ಪು, ಮೊಣಕಾಲಿನ ಕೆಳಗೆ ಬಿಳಿ ಕಾಲುಚೀಲ. ಹಾರನ್ ಮಾಡಬಾರದು, ಎಂಜಿನ್ ಆರಿಸಿ ಕೂರಬೇಕು. ಇಪ್ಪತ್ತು ನಿಮಿಷ ಅದು ನಮ್ಮನ್ನು ನೋಡಿತು, ನಾವು ಅದನ್ನು ನೋಡಿದೆವು. ಅದರ ಉಸಿರಿನ ಸದ್ದು ಕೇಳುತ್ತಿತ್ತು.

ದೊಡ್ಡ ಸಂಪಿಗೆಗೆ ಸ್ವಂತ ಗಾಡಿಯಲ್ಲಿ ಹೋಗುವ ಹಾಗಿಲ್ಲ. ಅರಣ್ಯ ಇಲಾಖೆಯ ಅನುಮತಿ ಬೇಕು, ಮುಂಚೆಯೇ ಕೇಳಿಡಬೇಕು. ಸಿಗದೆಯೂ ಇರಬಹುದು. ನಮಗೆ ಸಿಕ್ಕಿತು. ಜೀಪು ಕುಲುಕಿದ ಕುಲುಕಿಗೆ ಅಮ್ಮನ ಸೊಂಟ ಹಿಡಿದುಕೊಂಡಿತು. ಆದರೂ ವಾಪಸ್ ಹೋಗೋಣ ಅನ್ನಲಿಲ್ಲ.

ಹೋಗುತ್ತಾ ಗೈಡಣ್ಣ ಹೆಸರು ಹೇಳುತ್ತಾ ಬಂದರು. ನನಗೆ ಕಂಡದ್ದು ಒಂದು ತಿರುವು, ಒಂದು ಕಲ್ಲು, ಒಂದು ಝರಿ. ಅವರಿಗೆ ಪ್ರತಿಯೊಂದಕ್ಕೂ ಹೆಸರು. ಸೋಲಿಗರ ಒಂದೊಂದು ಕುಲಕ್ಕೆ ಒಂದೊಂದು ಎಲ್ಲೆ ಇದೆ. ಎಲ್ಲೆಯೊಳಗೆ ಒಂದು ದೇವರು, ಒಂದು ಮಾರಮ್ಮ, ಒಂದು ವೀರು, ಕಲ್ಲುಗುಡಿ, ಅಬ್ಬಿ, ಹೀಗೆ ಅವರು ಪೂಜಿಸುವ ತಾಣಗಳು. ಹಿರಿಯರನ್ನು ಮಣ್ಣು ಮಾಡಿದ ಜಾಗವೂ ಅಲ್ಲೇ. ನಕ್ಷೆಯಲ್ಲಿ ಇದು 574 ಚದರ ಕಿಲೋಮೀಟರಿನ ಹಸಿರು ಬಣ್ಣ. ಇವರಿಗೆ ಅಜ್ಜ ಮಲಗಿರುವ ಮರ, ಅತ್ತೆ ಹೆತ್ತ ಬಂಡೆ. ಎರಡು ಕಡೆ ಅವರು ಮಾತು ನಿಲ್ಲಿಸಿ ಕೈಮುಗಿದರು. ಅಲ್ಲಿ ಏನಿದೆ ಅಂತ ನಾವು ಕೇಳಲಿಲ್ಲ.

ಆಮೇಲೆ ನೀರಿನ ಸದ್ದು. ಭಾರ್ಗವಿ ಹೊಳೆ. ಅದರ ದಡದಲ್ಲಿ ದೊಡ್ಡ ಸಂಪಿಗೆ.

ನಾನು ಒಂದು ಮರವನ್ನು ನೋಡಲು ಹೊರಟಿದ್ದೆ. ಅದು ಮರದ ಹಾಗಿಲ್ಲ. ಹತ್ತಾರು ಕಾಂಡಗಳು ಒಂದಕ್ಕೊಂದು ಕರಗಿ ಸೇರಿಕೊಂಡಂತೆ ಗಂಟು ಗಂಟಾಗಿ, ಮಡಿಕೆ ಮಡಿಕೆಯಾಗಿ ಮೇಲೆದ್ದಿದೆ. ಎತ್ತರ ಸುಮಾರು 34 ಮೀಟರ್, ಬುಡದ ಸುತ್ತಳತೆ ಸುಮಾರು 20 ಮೀಟರ್. ವಯಸ್ಸು 600 ವರ್ಷ ಅಂತ ಹೇಳುತ್ತಾರೆ, ಇನ್ನೂ ಹೆಚ್ಚು ಅನ್ನುವವರೂ ಇದ್ದಾರೆ. ಒಂದು ಮಡಿಕೆಯೊಳಗೆ ಪುಟ್ಟಿ ನಿಂತರೆ ಪೂರ್ತಿ ಮರೆಯಾಗುತ್ತಾಳೆ. ತೊಗಟೆಯ ಮೇಲೆ ಪಾಚಿ, ಪಾಚಿಯ ಮೇಲೆ ಜರಿಗಿಡ, ಜರಿಗಿಡದ ಬುಡದಲ್ಲಿ ಕೆಂಪಿರುವೆಗಳ ಸಾಲು. ಬುಡದಲ್ಲಿ ನೂರಾರು ಉರುಟು ಕಲ್ಲುಗಳು, ಲಿಂಗಗಳು, ತುಕ್ಕು ಹಿಡಿದ ತ್ರಿಶೂಲಗಳು. ಸೋಲಿಗರಿಗೆ ಇದು ಮಾದಪ್ಪನ ಜಾಗ. ಗೋಡೆ ಇಲ್ಲ, ಗೋಪುರ ಇಲ್ಲ, ಬಾಗಿಲು ಇಲ್ಲ.

ಚಪ್ಪಲಿ ದೂರದಲ್ಲೇ ಬಿಟ್ಟು ಬಂದೆವು. ಅಮ್ಮ ತೊಗಟೆಗೆ ಅಂಗೈ ಇಟ್ಟು ಹಾಗೇ ನಿಂತಳು. ಒಂದು ಭೀಮರಾಜ ಹಕ್ಕಿ ತನ್ನ ಎರಡು ಬಾಲದ ಗರಿ ಎಳೆದುಕೊಂಡು ಮೇಲೆ ಹಾರಿತು. ಹೂವು ಬಿಟ್ಟಿತ್ತು, ಆದರೆ ಕಾಣುವಷ್ಟು ಕೆಳಗಿಲ್ಲ. ವಾಸನೆ ಮಾತ್ರ ಇಳಿದು ಬರುತ್ತಿತ್ತು. ನೆಲದ ಮೇಲೆ ಬಾಡಿದ ಎರಡು ಎಸಳು ಸಿಕ್ಕಿತು. ಗೈಡಣ್ಣ ಅದನ್ನು ಅಮ್ಮನಿಗೆ ಕೊಟ್ಟರು. “ಕೀಳ್ಬಾರ್ದು. ಬಿದ್ದಿದ್ದು ತಕ್ಕಬೋದು.”

ಜೀಪಿಗೆ ಹತ್ತಿದಮೇಲೆ ಪುಟ್ಟಿಯ ಹಿಮ್ಮಡಿಯಲ್ಲಿ ರಕ್ತ. ಜಿಗಣೆ. ಅವಳು ಕಿರುಚುವಷ್ಟರಲ್ಲಿ ಡ್ರೈವರು ಜೇಬಿನಿಂದ ಸುಣ್ಣದ ಡಬ್ಬಿ ತೆಗೆದು ಒಂದು ಚಿಟಿಕೆ ಮುಟ್ಟಿಸಿದರು. ಉದುರಿತು. ಮೊದಲ ಮಳೆ ಬಿದ್ದಮೇಲೆ ಹೊಳೆ ಪಕ್ಕ ಹೋಗುವವರು ಉಪ್ಪೋ ಸುಣ್ಣವೋ ಜೊತೆಗಿಟ್ಟುಕೊಂಡರೆ ಒಳ್ಳೆಯದು. ಎಳೆದು ಕೀಳಲು ಹೋಗಬೇಡಿ.

ಸಂಜೆ ಸಫಾರಿ. ಹುಲಿ ಕಾಣಲಿಲ್ಲ. ನಮ್ಮ ಜೀಪಿನಲ್ಲಿದ್ದ ಇಬ್ಬರಿಗೆ ಅದರಿಂದ ಬೇಜಾರಾಯಿತು, ದಾರಿಯುದ್ದಕ್ಕೂ ಅದನ್ನೇ ಹೇಳಿದರು. ನನಗೆ ಹಾಗನ್ನಿಸಲಿಲ್ಲ. ಹಸಿ ಮಣ್ಣಿನ ಮೇಲೆ ಅದರ ಹೆಜ್ಜೆ ಇತ್ತು, ಅಂಚು ಇನ್ನೂ ಕುಸಿದಿರಲಿಲ್ಲ. ಕಡವೆಯೊಂದು ಬಾಲ ಎತ್ತಿ ನಿಂತು ಪಕ್ಕದ ಕಣಿವೆಯ ಕಡೆ ಕೂಗುತ್ತಿತ್ತು. ಅಲ್ಲೇ ಇತ್ತು ಅದು. ನಾವು ಅದಕ್ಕೆ ಕಂಡಿರುತ್ತೇವೆ. ಸೀಳುನಾಯಿಗಳ ಒಂದು ಗುಂಪು ಕೆರೆಯ ಏರಿ ಮೇಲೆ ಮರಿಗಳ ಜೊತೆ ಆಡುತ್ತಿದ್ದವು. ಕೆಂದಳಿಲು ಹಲಸಿನ ತೊಳೆ ಹಿಡಿದು ಕೂತಿತ್ತು. ಬರುವಾಗ ಆನೆ ಮರಿಯೊಂದು ತಾಯಿಯ ಕಾಲುಗಳ ನಡುವೆಯಿಂದ ಸೊಂಡಿಲು ಮಾತ್ರ ಹೊರಗೆ ಚಾಚಿ ಗಾಳಿ ಮೂಸಿತು. ಇಲ್ಲಿಯ ಆನೆಗಳಿಗೆ ತಮಿಳುನಾಡಿನ ಸತ್ಯಮಂಗಲ, ಈ ಕಡೆ ಮಲೆ ಮಹದೇಶ್ವರ ಬೆಟ್ಟ, ಎಲ್ಲ ಒಂದೇ ಕಾಡು.

ರಾತ್ರಿ ಟೆಂಟಿನ ಹೊರಗೆ ಕಾಡುಹಂದಿಗಳು ನೆಲ ಕೆದಕುವ ಸದ್ದು. ತಿನ್ನುವ ಪದಾರ್ಥ ಒಳಗೆ ಇಟ್ಟುಕೊಳ್ಳಬೇಡಿ ಅಂತ ಮೊದಲೇ ಹೇಳಿದ್ದರು. ಜೇನಿನ ಬಾಟಲಿ ಕಾರಿನಲ್ಲೇ ಇಟ್ಟಿದ್ದೆ.

ನಾಲ್ಕನೇ ದಿನ: ಹೊಂಡರಬಾಳು ಗೇಟು

ಬೆಳಿಗ್ಗೆ ಮಳೆ. ಸುಮ್ನೆ ಕೂತು ಕಾಫಿ ಕುಡಿದೆವು. ಒಂಬತ್ತಕ್ಕೆ ಹೊರಟು, ಈ ಸಲ ಚಾಮರಾಜನಗರದ ಕಡೆ ಇಳಿದೆವು. ಅದೇ ಪಾಚಿಯ ಮರ, ಅದೇ ನೆಲ್ಲಿ, ಅದೇ ಜಾಲಿ, ಆದರೆ ಈಗ ತಲೆಕೆಳಗಾಗಿ. ಹೊಂಡರಬಾಳು ಗೇಟು ದಾಟಿದ ಕೂಡಲೇ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಫೋನು ಒಂದೇ ಸಮ ಬಡಿದುಕೊಳ್ಳತೊಡಗಿತು.

ಪೋಡಿನ ಅಜ್ಜಿ ಜೇನು ಕೊಡುವಾಗ ಒಂದು ಮಾತು ಹೇಳಿದ್ದಳು: “ಮುಚ್ಚಳ ಬಿಗಿ ಮಾಡ್ಬ್ಯಾಡ, ಅದು ಉಸಿರಾಡ್ತದೆ.” ಹಸಿ ಹೆಜ್ಜೇನಿನಲ್ಲಿ ನೀರಿನಂಶ ಜಾಸ್ತಿ, ಹುಳಿಯೇಳುತ್ತದೆ, ನೊರೆ ಬರುತ್ತದೆ. ಚೆಲ್ಲೀತು ಅಂತ ನಾನು ಬಿಗಿಯಾಗಿ ತಿರುಗಿಸಿ, ಅಮ್ಮನ ಬ್ಯಾಗಿನೊಳಗೆ ಬಟ್ಟೆಗಳ ನಡುವೆ ಭದ್ರವಾಗಿ ಇಟ್ಟಿದ್ದೆ. ಚಾಮರಾಜನಗರದಲ್ಲಿ ತಿಂಡಿಗೆ ನಿಂತಾಗ ಡಿಕ್ಕಿ ತೆಗೆದರೆ ಘಮ್ಮೆನ್ನುವ ವಾಸನೆ. ಮುಚ್ಚಳ ಹಾರಿಹೋಗಿತ್ತು. ಅರ್ಧ ಬಾಟಲಿ ರೇಷ್ಮೆ ಸೀರೆಯೊಳಗೆ ಇಳಿದಿತ್ತು. ನಾನು ಕೈಕಾಲು ಆಡದೆ ನಿಂತೆ. ಅಮ್ಮ ಸೀರೆ ಎತ್ತಿ ನೋಡಿದಳು. ಸೆರಗಿನ ಗಂಟಿನಲ್ಲಿ ಕಟ್ಟಿಟ್ಟಿದ್ದ ಸಂಪಿಗೆ ಎಸಳು ಎರಡೂ ಜೇನಲ್ಲಿ ನೆನೆದು ಮೆತ್ತಗಾಗಿದ್ದವು. ಒಂದನ್ನು ಪುಟ್ಟಿಯ ಬಾಯಿಗೆ ಹಾಕಿದಳು, ಇನ್ನೊಂದನ್ನು ನನಗೆ ಕೊಟ್ಟಳು.

ಸೀರೆಯನ್ನು ಇನ್ನೂ ಒಗೆಯಲು ಹಾಕಿಲ್ಲ. ದೇವರ ಮನೆಯ ಪಕ್ಕ ಹಗ್ಗದ ಮೇಲೆ ಹರವಿದ್ದಾಳೆ. ದಿನಾ ಬೆಳಿಗ್ಗೆ ಇರುವೆ ಬಂದಿದೆಯಾ ಅಂತ ನೋಡಿ, ಮೆಲ್ಲಗೆ ಕೊಡವಿ, ಮತ್ತೆ ಹರವುತ್ತಾಳೆ.